ಮೊದಲು ಬಡಿಸಿದ ಎಲೆ

ಸಂಪಾಜೆಯ ಕಣಿವೆಯಲ್ಲಿ ಮನೆಯಿಂದ ಮನೆಗೆ ದೂರ. ಸುತ್ತ ಅಡಿಕೆ ತೋಟ, ಹಿಂದೆ ಕಾಡು, ಕೆಳಗೆ ಪಯಸ್ವಿನಿ ಹೊಳೆ. ಅಂಥ ಒಂಟಿ ಮನೆಗೆ ನಾಯಿಯೆಂದರೆ ಇರುಳಿನ ಧೈರ್ಯ. ತೋಟಕ್ಕೆ ಮಂಗ ಇಳಿದರೆ ಅಟ್ಟುವುದು ಅದು. ಹಂದಿ ನುಗ್ಗಿದರೆ ಬೊಗಳಿ ಎಬ್ಬಿಸುವುದು ಅದು. ಅದು ಸತ್ತಾಗ ತೋಟದ ಬದಿಯಲ್ಲಿ ಮಣ್ಣು ಮಾಡಿ, ಮೇಲೊಂದು ತೆಂಗಿನ ಸಸಿ ನೆಡುವುದುಂಟು. ಈಚೆಗೆ ನಮ್ಮ ನಾಡಿನಲ್ಲಿ ಫೋಟೊಗೆ ಹಾರ ಹಾಕಿ, ದೀಪ ಹಚ್ಚಿ, ಎಲೆಯಿಟ್ಟು ಬಡಿಸಿ, ಸಾಕಿದ ಪ್ರಾಣಿಯ ಉತ್ತರಕ್ರಿಯೆ ಮಾಡುವವರೂ ಇದ್ದಾರೆ. ಕಂಡವರಲ್ಲಿ ಕೆಲವರು ನಗುತ್ತಾರೆ, ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ. ಇಬ್ಬರಲ್ಲೂ ಏಳುವ ಪ್ರಶ್ನೆ ಒಂದೇ: ಪಾಪಪುಣ್ಯಗಳ ಲೆಕ್ಕವೇ ತಿಳಿಯದ ಜೀವಕ್ಕೆ ಈ ಕ್ರಿಯೆ ಏಕೆ?

ಈ ಪ್ರಶ್ನೆಗೆ ಸಾವಿರ ವರ್ಷಕ್ಕೂ ಹಿಂದಿನ ಒಂದು ಕಲ್ಲು ಉತ್ತರ ಹೇಳುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಶಾಸನದ ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಗೆದ್ದಿದ್ದರು. ಆ ಯುದ್ಧದಲ್ಲಿ ಪರಾಕ್ರಮ ಮೆರೆದ, ಬೂತುಗನ ಕಡೆಯ ವೀರ ಮಣಲೇರನಿಗೆ ಒಡೆಯನು ಬೇಕಾದುದನ್ನು ಬೇಡಿಕೋ ಎಂದ. ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿ ಒಂದು ದೊಡ್ಡ ಕಾಡುಹಂದಿಯೊಡನೆ ಸೆಣಸಿತು. ನಾಯಿಯೂ ಹಂದಿಯೂ ಜೊತೆಯಾಗಿ ಸತ್ತವು. ಚಲ್ಲೇಶ್ವರ ದೇಗುಲದ ಮುಂದೆ ಅದಕ್ಕೆ ಕಲ್ಲು ನಿಂತಿತು, ದೊಡ್ಡ ಕೆರೆಯ ಕೆಳಗೆ ಭೂಮಿ ದತ್ತಿಯಾಯಿತು. ತಕ್ಕೋಲದಲ್ಲಿ ಚೋಳ ರಾಜಾದಿತ್ಯ ಮಡಿದುದನ್ನು ಹೇಳುವ ಕಲ್ಲೇ ಕಾಳಿಯ ಮರಣವನ್ನೂ ಹೇಳುತ್ತದೆ. ಶಿಲ್ಪಿ ಕಡೆದಿರುವುದು ಮಾತ್ರ ಅರಸರನ್ನಲ್ಲ, ಹಂದಿಯ ಮೇಲೆ ಎರಗಿದ ನಾಯಿಯನ್ನು.

ಶಾಸನದಲ್ಲೊಂದು ಕಟ್ಟಳೆಯಿದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಅಂದರೆ ಶೈವ ಅರ್ಚಕನು, ಕಲ್ಲನ್ನು ಪೂಜಿಸದೆ ಉಣ್ಣಬಾರದು. ಉಂಡರೆ ನಾಯಿಯ ಪಾಪ ಅವನಿಗೆ. ನಿಧಾನವಾಗಿ ಯೋಚಿಸಿದರೆ ಇದು ಎಷ್ಟು ಸೂಕ್ಷ್ಮವಾದ ವಿಧಿ ಎಂದು ತಿಳಿಯುತ್ತದೆ. ಬದುಕಿರುವಷ್ಟು ಕಾಲ ಕಾಯುವುದು ನಾಯಿಯ ಪಾಲು. ನಾವು ಉಂಡೇಳುವವರೆಗೆ ಅದು ಹೊಸ್ತಿಲ ಆಚೆ ಕುಳಿತಿರುತ್ತದೆ. ಕಣ್ಣು ನಮ್ಮ ಕೈಯ ಮೇಲೆ, ಬಾಲ ನೆಲದ ಮೇಲೆ. ನಮಗೆ ಮಿಕ್ಕಿದ್ದು ಅದಕ್ಕೆ ಸಿಕ್ಕಿದ್ದು. ಕಟ್ಟಳೆಯು ಆ ಕ್ರಮವನ್ನು ತಿರುಗಿಸಿಬಿಟ್ಟಿತು. ಈಗ ಕಾಯಬೇಕಾದವನು ಮನುಷ್ಯ. ಮೊದಲ ಗೌರವ ನಾಯಿಗೆ.

ನಮ್ಮ ಆಚರಣೆಗಳ ಅಂತರಂಗದಲ್ಲೂ ಇದೇ ಭಾವವಿದೆ. ತುಳುನಾಡಿನಲ್ಲಿ ಅಗಲಿದವರಿಗೆ ಅಗೆಲು ಎಂಬ ಎಡೆಯನ್ನು ಬಡಿಸಿದ ಮೇಲೆಯೇ ಮನೆಯವರ ಊಟ. ಶ್ರಾದ್ಧದ ಅನ್ನದಲ್ಲಿ ಕಾಗೆಗೆ, ಹಸುವಿಗೆ, ನಾಯಿಗೆ ಪಾಲು ತೆಗೆದಿಡುವ ಪದ್ಧತಿಯುಂಟು. ಗಯೆಯ ಪಿಂಡದಾನದಲ್ಲಿ ಪಶು, ಪಕ್ಷಿ, ಕೀಟಗಳ ಜನ್ಮದಲ್ಲಿರುವವರನ್ನೂ ನೆನೆಯುತ್ತಾರೆ. 2018ರ ಆಗಸ್ಟ್‌ನಲ್ಲಿ ಸಂಪಾಜೆಯ ಕಡೆಯ ಜೋಡುಪಾಲ, ಮದೆನಾಡುಗಳ ಗುಡ್ಡ ಜರಿದಾಗ ಉಟ್ಟ ಬಟ್ಟೆಯಲ್ಲೇ ಹೊರಟುಬಂದವರಲ್ಲಿ ದನ, ನಾಯಿಗಳನ್ನು ಬಿಟ್ಟುಬರಬೇಕಾದವರಿದ್ದರು. ಮಣ್ಣು ಮಾಡಲು ದೇಹವೂ ಸಿಗದಾಗ, ಪ್ರೀತಿಗೆ ಉಳಿಯುವುದು ಒಂದು ದೀಪ, ಒಂದು ಎಲೆ.

ನಾವು ಪ್ರೀತಿಸಲಿಲ್ಲವೆಂದು ದುಃಖಿಸುವುದು ಅಪರೂಪ. ಪ್ರೀತಿ ಇದ್ದೇ ಇತ್ತು; ಅದಕ್ಕೆ ಸರದಿ ಬರಲಿಲ್ಲ. ಕೆಲಸ ಮೊದಲು, ಹಸಿವು ಮೊದಲು, ನಿದ್ರೆ ಮೊದಲು. ಒಲಿದು ಬಂದ ಜೀವ ಆಮೇಲೆ. ಇದು ಯಾರೊಬ್ಬರ ದೋಷವೂ ಅಲ್ಲ, ನಮ್ಮೆಲ್ಲರ ಸ್ವಭಾವ. ಉತ್ತರಕ್ರಿಯೆಯು ಆ 'ಆಮೇಲೆ'ಯನ್ನು ಒಂದು ದಿನದ ಮಟ್ಟಿಗಾದರೂ 'ಮೊದಲು' ಮಾಡುತ್ತದೆ. ಸತ್ತ ಜೀವಕ್ಕೆ ಅದರಿಂದ ಆಗಬೇಕಾದುದು ಏನೂ ಇಲ್ಲದಿರಬಹುದು. ಬಡಿಸುವ ಕೈಗೆ ಅದು ಬೇಕು.

ಆತಕೂರಿನವರು ಮನುಷ್ಯನ ಮನಸ್ಸನ್ನು ಚೆನ್ನಾಗಿ ಬಲ್ಲವರು. ಸ್ಮರಣೆಯನ್ನು ಅವರು ಕಣ್ಣೀರಿಗೆ ಒಪ್ಪಿಸಲಿಲ್ಲ, ಹಸಿವಿಗೆ ಒಪ್ಪಿಸಿದರು. ಕಣ್ಣೀರು ಕೆಲವೇ ದಿನಗಳಲ್ಲಿ ಆರುತ್ತದೆ; ಹಸಿವು ನಾಳೆಯೂ ಬರುತ್ತದೆ. ಹಸಿವಾದಾಗ ಇನ್ನೊಂದು ಜೀವದ ಹಸಿವು ನೆನಪಾಗುವುದೇ ಸಂಸ್ಕಾರ. ಅಗಲಿದ ನಾಯಿಗೆ ಎಲೆಯಿಟ್ಟ ಮನೆಯಲ್ಲಿ, ಬಾಗಿಲಲ್ಲಿ ಕಾದಿರುವ ಇನ್ನೊಂದು ಜೀವಕ್ಕೂ ತುತ್ತು ತುಸು ಬೇಗ ಸಿಕ್ಕರೆ, ಮಾಡಿದ ಕ್ರಿಯೆ ಸಾರ್ಥಕ. ಆ ಒಂದು ತುತ್ತಿಗೆ ಯಾರೂ ಸಾಯುವವರೆಗೆ ಕಾಯಬೇಕಾಗಿಲ್ಲ. ಇಂದಿನ ಊಟದಿಂದಲೇ ಅದು ನಮಗೆ ಸಾಧ್ಯ.