ಮಂಕು ಕವಿದವರೆಲ್ಲ ಮಂಕರಲ್ಲ

ಧನು ತಿಂಗಳಲ್ಲಿ ಕೋಡಿಂಬಾಳದ ಕಡೆ ಬೆಳಗ್ಗೆ ರೈಲಿನ ಕೂಗು ಮೊದಲು ಕೇಳುತ್ತದೆ, ದೀಪ ಆಮೇಲೆ ಕಾಣುತ್ತದೆ. ರಾತ್ರಿ ಆಕಾಶ ಬೋಳಾಗಿದ್ದರೆ ನೆಲದ ಬಿಸಿ ಬೇಗ ಆರಿಹೋಗುತ್ತದೆ. ತೋಡಿನ ಬದಿಯ, ನೀರು ಬಿಟ್ಟ ಅಡಿಕೆ ತೋಟಗಳ ತೇವದ ಗಾಳಿ ತಣಿದು ಹನಿಗಟ್ಟಿ ತಗ್ಗಿನಲ್ಲೇ ನಿಲ್ಲುತ್ತದೆ. ತುಳುವಿನಲ್ಲಿ ಮೈಂದ್, ಕನ್ನಡದಲ್ಲಿ ಮಂಜು, ಕಾವಳ. ಅಂಗಳದ ಅಡಿಕೆಗೆ ಟಾರ್ಪಾಲು ಹೊದೆಸದೆ ಮಲಗಿದವರಿಗೆ ಅದರ ಬಿಸಿ ಬೆಳಗ್ಗೆ ತಟ್ಟುತ್ತದೆ: ಒಣಗಿ ಚಾಲಿಯಾಗಬೇಕಾದ್ದು ಮತ್ತೆ ಒದ್ದೆ.

ಈ ಮಂಜನ್ನು ತಲೆಯೊಳಗೂ ಕಂಡು ‘ಬ್ರೇನ್ ಫಾಗ್’ ಎನ್ನುವುದು ಕೋವಿಡ್ ನಂತರ ನಮ್ಮಲ್ಲೂ ರೂಢಿಯಾಯಿತು. ಓದಿದ್ದು ನಿಲ್ಲುವುದಿಲ್ಲ, ಹೇಳಹೊರಟ ಹೆಸರು ನಾಲಗೆಗೆ ಬರುವುದಿಲ್ಲ, ಒಲೆಯ ಮೇಲಿಟ್ಟ ಹಾಲು ನೆನಪಾಗುವುದು ಉಕ್ಕಿದ ಮೇಲೆ. ಹೆಸರು ಹೊಸದು, ಅನುಭವ ಹಳೆಯದು. ತಲೆ ಮಬ್ಬಾಗಿದೆ, ಮಂಪರು ಹಿಡಿದಿದೆ, ಮಂಕು ಕವಿದಿದೆ ಎಂದು ನಮ್ಮ ಹಿರಿಯರು ಹೇಳುತ್ತಲೇ ಇದ್ದರು. ಮಂಜು ಕವಿಯುವಂತೆಯೇ ಮಂಕೂ ಕವಿಯುತ್ತದೆ. ಎಲ್ಲಿಂದಲೋ ಬಂದು ಕೂತದ್ದು, ಹೋಗಲೂಬಹುದಾದದ್ದು.

ಕೇಡು ಶುರುವಾಗುವುದು ಅದೇ ಮಂಕನ್ನು ಆಳಿನ ಹೆಸರು ಮಾಡಿದಾಗ. ಪಾಠ ತಲೆಗೆ ಹತ್ತದ ಹುಡುಗ ‘ಮಂಕ’, ಮರೆಗುಳಿ ಸೊಸೆ ‘ಮಂಕುದಿಣ್ಣೆ’. ಎಂಟು ಗಂಟೆಯವರೆಗೆ ಏನೂ ಕಾಣುವುದಿಲ್ಲವೆಂದು ಕೋಡಿಂಬಾಳವನ್ನು ಯಾರೂ ಕುರುಡೂರು ಎಂದದ್ದಿಲ್ಲ. 1943ರಲ್ಲಿ ಬಂದ ‘ಮಂಕುತಿಮ್ಮನ ಕಗ್ಗ’ದಲ್ಲಿ ಡಿವಿಜಿ ಆ ಬೈಗುಳವನ್ನೇ ಅಂಕಿತ ಮಾಡಿಕೊಂಡರು. ಆದರೆ ತಾನಾಗಿ ಇಟ್ಟುಕೊಂಡ ಹೆಸರು ಬೇರೆ, ಊರವರು ಅಂಟಿಸಿದ್ದು ಬೇರೆ.

ಅಂಟಿಸಿಕೊಂಡವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದೂ ಕಡಿಮೆ. ಥೈರಾಯ್ಡ್ ಕುಂದಿದರೆ, ಬಿ12 ಕಡಿಮೆಯಾದರೆ, ರಕ್ತಹೀನತೆ ಇದ್ದರೆ, ನಿದ್ದೆಗೆಟ್ಟರೆ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ, ಕೆಲವು ಮಾತ್ರೆಗಳಿಂದಲೂ ತಲೆ ಮಬ್ಬಾಗುತ್ತದೆ. ಇವುಗಳಲ್ಲಿ ಹಲವು ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತವೆ, ಮದ್ದೂ ಇದೆ. ಬೆಳಗಿನ ಜಾವ ಎದ್ದು ರಬ್ಬರ್ ಟ್ಯಾಪಿಂಗ್‌ಗೆ ಹೋಗಿ, ಬಂದು ಅಡುಗೆ ಮುಗಿಸಿ, ರಾತ್ರಿ ಅಡಿಕೆ ಸುಲಿಯಲು ಕೂರುವ ಹೆಂಗಸಿಗೆ ‘ನಿನಗೇನು ಮಂಕು ಬಡಿದಿದೆಯಾ’ ಎಂದು ಕೇಳುವ ಮನೆಯವರು, ಅವಳು ನಿನ್ನೆ ಎಷ್ಟು ಹೊತ್ತು ಮಲಗಿದ್ದಳು ಎಂದೂ ಕೇಳಲಿ.