ಎರಡು ಗುಟುಕಿನ ಪ್ರಶ್ನೆ

ನಿಲ್ಕುಂದದ ಕಡೆಯ ಹುಡುಗನೊಬ್ಬ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಓದುತ್ತಿದ್ದಾನೆ. ಚಿಕ್ಕಂದಿನಲ್ಲಿ ನನ್ನ ಬಳಿ ಕುರ್‌ಆನ್ ಓದಲು ಕಲಿತವನು. ಮುಂದೆ ಹೈಸ್ಕೂಲಿಗೆ ಹೋದ ಮೇಲೆ ಕನ್ನಡ ವ್ಯಾಕರಣದ ಸಂಶಯಗಳಿಗೂ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದ. ಕಳೆದ ಮಳೆಗಾಲದ ಒಂದು ರಾತ್ರಿ, ಕರೆಂಟು ಹೋಗಿ ಮನೆಯೆಲ್ಲ ಕತ್ತಲಾಗಿದ್ದಾಗ, ನನ್ನ ಫೋನಿಗೆ ಅವನ ಉದ್ದನೆಯ ಬರಹವೊಂದು ಬಂತು. ಓದಿ ಮುಗಿಸಿದವನಿಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಅವನ ಅನುಮತಿ ಪಡೆದು, ಹೆಸರು ಬಿಟ್ಟು, ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳನ್ನು ದೂರದೂರಿಗೆ ಕಳುಹಿಸಿದ ತಂದೆ ತಾಯಿಗಳು ನಮ್ಮಲ್ಲಿ ಈಗ ಅನೇಕರಿದ್ದಾರೆ.

ಅವನು ಮೂವರು ಗೆಳೆಯರೊಂದಿಗೆ ಒಂದು ಮನೆಯಲ್ಲಿದ್ದಾನೆ. ಆ ಮನೆಗೆ ಪ್ರತಿ ತಿಂಗಳು ಒಂದು ಪೆಟ್ಟಿಗೆ ಬರುತ್ತದೆ. ನಾವು ಪತ್ರಿಕೆಗೆ ಚಂದಾ ಕಟ್ಟುವಂತೆ ಅಲ್ಲಿ ಬಿಯರಿಗೆ ಚಂದಾ ಕಟ್ಟುತ್ತಾರೆ. ಎಡಿನ್‌ಬರೋದಲ್ಲಿ 2013ರಲ್ಲಿ ಆರಂಭವಾದ 'ಬಿಯರ್52' ಎಂಬ ಕಂಪೆನಿ ಇಂಥವುಗಳಲ್ಲಿ ಹೆಸರಾದದ್ದು. ದೊಡ್ಡ ಕಾರ್ಖಾನೆಗಳ ಬಿಯರ್ ಅಲ್ಲ, ಸಣ್ಣ ಸಣ್ಣ ಭಟ್ಟಿಗಳಲ್ಲಿ ತಯಾರಾಗುವ, 'ಕ್ರಾಫ್ಟ್ ಬಿಯರ್' ಎಂದು ಕರೆಸಿಕೊಳ್ಳುವ ಬಗೆಬಗೆಯ ಪೇಯಗಳು ಡಬ್ಬಿಗಳಲ್ಲಿ ಬರುತ್ತವೆ. ಜೊತೆಗೆ ಕುರುಕಲು ತಿಂಡಿ, ಓದಲು ಒಂದು ಚೆಂದದ ಪತ್ರಿಕೆ. ಈ ತಿಂಗಳು ಒಂದು ದೇಶದ್ದಾದರೆ ಮುಂದಿನ ತಿಂಗಳು ಇನ್ನೊಂದು ದೇಶದ್ದು. ಗೆಳೆಯರು ಮೇಜಿನ ಸುತ್ತ ಕುಳಿತು ಒಂದೊಂದನ್ನೇ ಸವಿದು, ಇದರಲ್ಲಿ ಕಿತ್ತಳೆಯ ವಾಸನೆಯಿದೆ, ಅದರಲ್ಲಿ ಹುರಿದ ಕಾಫಿಯ ಒಗರಿದೆ ಎಂದು ಅಂಕ ಹಾಕುತ್ತಾರಂತೆ.

ನಮ್ಮ ಹುಡುಗ ಮೊದಲು ಬರೀ ನೋಡುತ್ತ ಕುಳಿತಿದ್ದ. ಆಮೇಲೆ ಮೂಸಿ ನೋಡಿದ. ಆಮೇಲೆ ಒಂದೊಂದರಿಂದ ಎರಡೆರಡು ಗುಟುಕು. "ಹಜರತ್, ನಾನು ಕುಡಿಯುತ್ತಿಲ್ಲ, ರುಚಿ ನೋಡುತ್ತಿದ್ದೇನೆ. ಒಮ್ಮೆಯೂ ನನಗೆ ಅಮಲೇರಿಲ್ಲ, ನಮಾಝ್ ತಪ್ಪಿಲ್ಲ. ಎರಡು ಗುಟುಕಿನಲ್ಲಿ ಯಾರಿಗೆ ಏನು ಕೇಡಾಯಿತು?" ಎಂದು ಅವನು ಕೇಳಿದ್ದ. ಅಷ್ಟಕ್ಕೇ ನಿಲ್ಲದೆ, ಖಮ್ರ್ ಎಂದರೆ ದ್ರಾಕ್ಷಿಯ ಮದ್ಯವಲ್ಲವೇ, ಬಿಯರ್ ಬಾರ್ಲಿಯದ್ದು, ನಾವು ಹನಫಿಗಳು, ನಮ್ಮ ಇಮಾಮರು ಇವೆರಡನ್ನೂ ಬೇರೆ ಬೇರೆಯಾಗಿ ನೋಡಿದ್ದಾರಲ್ಲವೇ ಎಂದೂ ಸೇರಿಸಿದ್ದ.

ಶಿಷ್ಯ ತರ್ಕ ಮಾಡಿದನೆಂದು ನನಗೆ ಸಿಟ್ಟು ಬರಲಿಲ್ಲ. ಕೇಳದೆ ಕುಡಿಯುವವರ ನಡುವೆ ಕೇಳಿದವನು ಅವನು. ಆದ್ದರಿಂದ ಅವನಿಗೆ ಕೊಡಬೇಕಾದದ್ದು ಬೈಗುಳವಲ್ಲ, ಉತ್ತರ.

ಬಾರ್ಲಿಯ ಪ್ರಶ್ನೆ ಹೊಸದಲ್ಲ. ಅಬೂ ಮೂಸಾ ಅಶ್‌ಅರೀ(ರ)ರನ್ನು ಯಮನ್‌ಗೆ ಕಳುಹಿಸಿದಾಗ ಅವರು ಅಲ್ಲಿಯ ಎರಡು ಪೇಯಗಳ ಬಗ್ಗೆ ಪ್ರವಾದಿ(ಸ)ರಲ್ಲಿ ವಿಚಾರಿಸಿದರು. ಒಂದು ಜೇನಿನಿಂದಾಗುವ 'ಬಿತ್‌ಅ್', ಇನ್ನೊಂದು ಬಾರ್ಲಿಯಿಂದಾಗುವ 'ಮಿಝ್ರ್'. ಈ ಮಿಝ್ರ್ ಎಂಬುದು ಬಿಯರ್ ಅಲ್ಲದೆ ಬೇರೇನು? ಪ್ರವಾದಿ(ಸ)ರು ಯಾವ ಧಾನ್ಯ, ಯಾವ ಹಣ್ಣು ಎಂದು ಲೆಕ್ಕ ಹಾಕಲಿಲ್ಲ. ಅಮಲು ಬರಿಸುವುದೆಲ್ಲವೂ ನಿಷಿದ್ಧ ಎಂದುಬಿಟ್ಟರು. ಉಮರ್(ರ)ರು ಮಿಂಬರಿನ ಮೇಲೆ ನಿಂತು ದ್ರಾಕ್ಷಿ, ಖರ್ಜೂರ, ಜೇನು, ಗೋಧಿ, ಬಾರ್ಲಿ ಎಂದು ಐದನ್ನು ಹೆಸರಿಸಿ, ಬುದ್ಧಿಗೆ ಮುಸುಕು ಹಾಕುವುದೇ ಖಮ್ರ್ ಎಂದು ವಿವರಿಸಿದ್ದು ಬುಖಾರಿಯಲ್ಲಿದೆ. ಇನ್ನೊಂದು ಸಂಗತಿ. ನಿಷೇಧದ ಘೋಷಣೆ ಮದೀನಾದ ಬೀದಿಯಲ್ಲಿ ಕೇಳಿಬಂದಾಗ ಅಬೂ ತಲ್ಹಾ(ರ)ರ ಮನೆಯಲ್ಲಿ ಬಟ್ಟಲು ತುಂಬಿಸಿ ಕೊಡುತ್ತಿದ್ದವರು ಎಳೆಯ ಹರೆಯದ ಅನಸ್(ರ). ಆ ಬಟ್ಟಲುಗಳಲ್ಲಿದ್ದದ್ದು ದ್ರಾಕ್ಷಿಯದ್ದಲ್ಲ, ಖರ್ಜೂರದ್ದು. ಆದರೂ ಇದು ದ್ರಾಕ್ಷಿಯದ್ದಲ್ಲವಲ್ಲ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಸುರಿದುಬಿಟ್ಟರು.

ಇಮಾಮ್ ಅಬೂ ಹನೀಫಾ(ರಹ್)ರು ದ್ರಾಕ್ಷಿಯ ಮದ್ಯಕ್ಕೂ ಧಾನ್ಯ, ಜೇನಿನ ಪೇಯಗಳಿಗೂ ವಿಧಿಯಲ್ಲಿ ವ್ಯತ್ಯಾಸ ಕಂಡದ್ದು ನಿಜ. ಅದನ್ನು ಮುಚ್ಚಿಟ್ಟು ಉತ್ತರ ಹೇಳುವುದು ವಿದ್ಯೆಗೆ ಮಾಡುವ ಮೋಸ. ಆದರೆ ಅವರ ಶಿಷ್ಯರಾದ ಇಮಾಮ್ ಮುಹಮ್ಮದ್ ಅಶ್ಶೈಬಾನಿ(ರಹ್)ರು ಕಡಿಮೆಯೂ ಹರಾಮ್ ಎಂದರು. ನಂತರದ ಹನಫಿ ವಿದ್ವಾಂಸರು ಫತ್ವಾಕ್ಕೆ ಈ ಅಭಿಪ್ರಾಯವನ್ನೇ ಆರಿಸಿಕೊಂಡರು. ಅದಕ್ಕಿಂತಲೂ ನನ್ನ ಶಿಷ್ಯನಿಗೆ ಮುಖ್ಯವಾದದ್ದು ಬೇರೆ ಇದೆ. ಆ ಹಳೆಯ ರಿಯಾಯಿತಿ ಇದ್ದದ್ದು ದೇಹಕ್ಕೆ ಶಕ್ತಿ ಬೇಕೆಂದು ಕುಡಿಯುವವನಿಗೆ. ಮೋಜಿಗಾಗಿ ಕುಡಿದರೆ ಅದು ಸಲ್ಲದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ ಎಂದು ಹನಫಿ ಗ್ರಂಥಗಳೇ ಹೇಳುತ್ತವೆ. ಮೇಜಿನ ಸುತ್ತ ಕುಳಿತು ಅಂಕ ಹಾಕುವುದು ಶಕ್ತಿಗಾಗಿಯೇ? ಇಮಾಮರ ಹೆಸರು ಹೇಳಿ ಬಾಗಿಲು ತಟ್ಟಿದವನಿಗೆ ಇಮಾಮರ ಬಾಗಿಲೇ ತೆರೆಯುವುದಿಲ್ಲ.

ಇಷ್ಟು ವಿಧಿಯ ಮಾತು. ಇದನ್ನು ಬರೆದು ಕಳುಹಿಸಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಹುಡುಗನ ನಿಜವಾದ ಪ್ರಶ್ನೆ ಉಳಿದೇ ಇತ್ತು: ಎರಡು ಗುಟುಕಿನಲ್ಲಿ ಯಾರಿಗೆ ಏನು ಕೇಡಾಯಿತು?

ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾದದ್ದು ಯಾವ ಗ್ರಂಥವೂ ಅಲ್ಲ, ನಮ್ಮ ಕಡೆಯ ಆಲೆಮನೆ. ಅಬ್ಬಾ ಕಾಳುಮೆಣಸಿನ ಖರೀದಿಗೆ ತೋಟದ ಮನೆಗಳಿಗೆ ಹೋಗುತ್ತಿದ್ದರು. ಆಲೆಮನೆಯ ಕಾಲ ಬಂದರೆ ನಾನೂ ಅವರ ಬೆನ್ನು ಬೀಳುತ್ತಿದ್ದೆ. ಗಾಣಕ್ಕೆ ಕಟ್ಟಿದ ಕೋಣಗಳು ಸುತ್ತುತ್ತಿದ್ದವು, ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುತ್ತಿತ್ತು. ಬಂದವರಿಗೆಲ್ಲ ಕಬ್ಬಿನ ಹಾಲು ಧಾರಾಳ. ಜಾತಿ, ಮತ ಕೇಳುವವರಿಲ್ಲ. ನನಗೆ ಏಳೆಂಟು ವರ್ಷವಿರಬಹುದು, ಒಂದು ವರ್ಷ ಯಜಮಾನರು ಮನೆಗೆ ಒಯ್ಯಲೆಂದು ಒಂದು ಕ್ಯಾನು ತುಂಬಿ ಕೊಟ್ಟರು. ಅಂದೇ ಅರ್ಧ ಕುಡಿದೆವು. ಉಳಿದದ್ದನ್ನು ನಾನು ಅಡಗಿಸಿಟ್ಟೆ, ಮುಗಿದುಹೋಗಬಾರದೆಂಬ ಆಸೆ. ಮಾರನೆಯ ದಿನ ನೋಡಿದರೆ ಬಾಯಿಯ ಹತ್ತಿರ ಸಣ್ಣ ನೊರೆ. ಅದರ ಮರುದಿನ ಮುಚ್ಚಳ ತಿರುಗಿಸಿದಾಗ ಪುಸ್ ಎಂದಿತು. ಅಬ್ಬಾ ಮೂಸಿ ನೋಡಿದರು. ಒಂದು ಮಾತೂ ಆಡದೆ ಹಿತ್ತಲಿಗೆ ಹೋಗಿ ಬಾಳೆಯ ಬುಡಕ್ಕೆ ಸುರಿದರು. "ಇನ್ನೂ ಸಿಹಿ ಇದೆ ಅಬ್ಬಾ" ಎಂದು ನಾನು ಅತ್ತೆ. "ಸಿಹಿ ಇದೆ, ಅದಕ್ಕೇ ಸುರಿದೆ" ಎಂದರು.

ಆ ಮಾತು ನನಗೆ ಅರ್ಥವಾದದ್ದು ಮದ್ರಸದಲ್ಲಿ ಹದೀಸ್ ಓದುವಾಗ. ಪ್ರವಾದಿ(ಸ)ರಿಗೆ ಖರ್ಜೂರ ಅಥವಾ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿ 'ನಬೀಝ್' ಮಾಡಿಕೊಡುತ್ತಿದ್ದರು. ಬೆಳಿಗ್ಗೆ ನೆನೆಹಾಕಿದ್ದನ್ನು ಸಂಜೆ, ಸಂಜೆಯದ್ದನ್ನು ಬೆಳಿಗ್ಗೆ ಕುಡಿಯುತ್ತಿದ್ದರೆಂದು ಆಯಿಶಾ(ರ) ಹೇಳಿದ್ದಾರೆ. ಮೂರನೆಯ ದಿನದ ಸಂಜೆಯವರೆಗೂ ಉಳಿದರೆ ಅದನ್ನು ಬೇರೆಯವರಿಗೆ ಕೊಡುತ್ತಿದ್ದರು ಅಥವಾ ಚೆಲ್ಲಿಸುತ್ತಿದ್ದರೆಂದು ಇಬ್ನು ಅಬ್ಬಾಸ್(ರ)ರ ವರದಿ. ಮೊದಲ ದಿನದ ನೀರು, ಮೂರನೆಯ ದಿನದ ನೀರು, ಪಾತ್ರೆ ಒಂದೇ, ಹಣ್ಣು ಒಂದೇ. ನಡುವೆ ಗೆರೆ ಎಲ್ಲಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುವ ಕೆಲಸ ಸದ್ದಿಲ್ಲದೆ ನಡೆಯುತ್ತದೆ. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹಾಪ್ಸ್ ಎಂಬ ಹೂವಿನೊಡನೆ ಕುದಿಸಿದ ನೀರಿನಲ್ಲಿ ನಡೆಯುವುದೂ ಇದೇ. ನಮ್ಮ ಕ್ಯಾನಿನಲ್ಲಿ ನಡೆದದ್ದೂ ಇದೇ.

ಮನುಷ್ಯನೊಳಗೂ ಹೀಗೆಯೇ ಅಲ್ಲವೇ? ಹುಡುಗನ ಬರಹವನ್ನು ಮತ್ತೊಮ್ಮೆ ನೋಡಿ. ಮೊದಲು ನೋಡುತ್ತ ಕುಳಿತ. ಆಮೇಲೆ ಮೂಸಿದ. ಆಮೇಲೆ ಎರಡು ಗುಟುಕು. ಪ್ರತಿಯೊಂದು ಹೆಜ್ಜೆಯೂ ಅವನಿಗೆ ಹಿಂದಿನ ಹೆಜ್ಜೆಯಷ್ಟೇ ಸಣ್ಣದಾಗಿ ಕಂಡಿತು. ಶರೀಅತ್ ಗೆರೆ ಎಳೆದದ್ದು ತೂರಾಡುವಲ್ಲಿ ಅಲ್ಲ, ಮೊದಲ ಗುಟುಕಿನಲ್ಲಿ. ಹೆಚ್ಚು ಕುಡಿದರೆ ಅಮಲು ತರಿಸುವುದರ ಕಿಂಚಿತ್ತೂ ನಿಷಿದ್ಧವೆಂಬ ಹದೀಸಿನ ಆಶಯ ಇದು. ತೂರಾಡುವವನಿಗೆ ಗೆರೆ ತೋರಿಸಿ ಪ್ರಯೋಜನವೇನು? ಗೆರೆಯನ್ನು ಕಾಣುವ ಕಣ್ಣೇ ಆಗ ಮುಚ್ಚಿರುತ್ತದೆ.

ಚಂದಾ ಪೆಟ್ಟಿಗೆಯ ವಿಶೇಷ ಇಲ್ಲಿದೆ. ಅಂಗಡಿಗೆ ಹೋಗುವವನು ಹೊರಡುವ ಮೊದಲು ಒಮ್ಮೆಯಾದರೂ ನಿರ್ಧರಿಸಬೇಕು. ದಾರಿಯಲ್ಲಿ ಪರಿಚಿತರು ಸಿಗಬಹುದು, ನಾಚಿಕೆಯಾಗಬಹುದು, ಮಳೆ ಬರಬಹುದು, ಮರಳಿ ಬರಬಹುದು. ಪೆಟ್ಟಿಗೆಗೆ ಇದಾವುದೂ ಬೇಡ. ಬಾಯಾರಿಕೆ ಇರಲಿ ಇಲ್ಲದಿರಲಿ, ತಿಂಗಳು ತಿರುಗಿದಾಗ ಬಾಗಿಲಿಗೆ ಬರುತ್ತದೆ. ಹಣ ಖಾತೆಯಿಂದ ತಾನೇ ಹೋಗುತ್ತದೆ. ಕರ್ಮಗಳು ನಿಯ್ಯತ್ತಿನಿಂದ ಎಂದು ಕಲಿತ ನಾವು, ನಿಯ್ಯತ್ತನ್ನೇ ಒಂದು ಕಂಪೆನಿಯ ಕೈಗೆ ಕೊಟ್ಟು ಕುಳಿತರೆ ಹೇಗೆ?

ಇನ್ನು ಅದರ ಮರ್ಯಾದೆಯ ವೇಷ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕೂಲಿಯವನ ಪ್ಯಾಕೆಟ್ಟನ್ನು ಕಂಡು ನಾವೆಲ್ಲ ಮೂಗು ಮುಚ್ಚಿಕೊಂಡವರೇ. ಆದರೆ ಓದಿದವರ ಡಬ್ಬಿ ಪತ್ರಿಕೆಯ ಜೊತೆಗೆ ಬಂದಾಗ ಅದಕ್ಕೆ 'ಅಭಿರುಚಿ' ಎಂದು ಹೆಸರು. ಯಕೃತ್ತಿಗೆ ಈ ಭೇದ ತಿಳಿಯದು. ಮದ್ಯವನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿ ಸೇರಿಸಿದೆ. ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸಾರಿತು. ಅದಕ್ಕಾಗಿಯೇ ನಾವು ಬಿಡುವುದಲ್ಲ. ಅದರಲ್ಲಿ ಪ್ರಯೋಜನವೂ ಇದೆ, ಪಾಪ ಅದಕ್ಕಿಂತ ದೊಡ್ಡದು ಎಂದು ಕುರ್‌ಆನ್ ಎರಡನೆಯ ಅಧ್ಯಾಯದಲ್ಲೇ ತೂಗಿ ತೋರಿಸಿದೆ. ರುಚಿಯಿಲ್ಲ, ಗೆಳೆತನದ ಬಿಸಿಯಿಲ್ಲ ಎಂದು ನಾನು ಆ ಹುಡುಗನಿಗೆ ಬರೆದರೆ ಅದು ಸುಳ್ಳಾಗುತ್ತಿತ್ತು. ಪರದೇಶದ ಚಳಿಯಲ್ಲಿ, ಸಂಜೆ ನಾಲ್ಕಕ್ಕೇ ಕತ್ತಲಾಗುವ ಊರಿನಲ್ಲಿ, ಮೇಜಿನ ಸುತ್ತ ನಾಲ್ಕು ಮುಖಗಳು. ಅವನು ಹೋದದ್ದು ಬಿಯರಿಗಲ್ಲ, ಆ ಮುಖಗಳಿಗೆ. ದೈಲಮ್ ಹಿಮ್ಯರೀ(ರ) ಎಂಬ ಸಹಾಬಿ ಚಳಿಯ ನಾಡಿನವರು, ಕಷ್ಟದ ಕೆಲಸದವರು. ಗೋಧಿಯ ಪೇಯದಿಂದ ಚಳಿಯನ್ನು ತಡೆದುಕೊಳ್ಳುತ್ತೇವೆ ಎಂದು ಅವರು ಹೇಳಿಕೊಂಡಾಗ ಪ್ರವಾದಿ(ಸ)ರು ಗದರಲಿಲ್ಲ. ಅದು ಅಮಲೇರಿಸುತ್ತದೆಯೇ ಎಂದಷ್ಟೇ ಕೇಳಿದರು. ಹೌದೆಂದಾಗ ಬಿಡಲು ಹೇಳಿದರು.

ಕೊನೆಯಲ್ಲಿ ಹುಡುಗ ಇನ್ನೊಂದು ಸಂಗತಿ ಬರೆದಿದ್ದ. ಅವನಿಗಾಗಿ ಗೆಳೆಯರು ಪ್ರೀತಿಯಿಂದ '0.0' ಎಂದು ಬರೆದ ಡಬ್ಬಿಗಳನ್ನು ತರಿಸಿದ್ದಾರೆ. ಬಿಯರ್ ಮಾಡಿ, ಒತ್ತಡ ಇಳಿಸಿ ಮಿದುವಾಗಿ ಕಾಯಿಸಿ ಮದ್ಯಸಾರ ತೆಗೆದದ್ದು. ಇದು ಆಗುತ್ತದೆಯೇ? ಇದಕ್ಕೆ ನನ್ನ ಬಳಿ ಒಂದೇ ಏಟಿನ ಉತ್ತರವಿಲ್ಲ. ಭಾರತದ ಆಹಾರ ನಿಯಮದಲ್ಲಿ ಶೇ. 0.5ಕ್ಕಿಂತ ಹೆಚ್ಚಿದ್ದರೆ ಮಾತ್ರ ಮದ್ಯ. ಕಳಿತ ಬಾಳೆಹಣ್ಣಿನಲ್ಲೂ ಬ್ರೆಡ್ಡಿನಲ್ಲೂ ಲೇಶಮಾತ್ರ ಇರುತ್ತದೆ. ಎಷ್ಟು ಕುಡಿದರೂ ಅಮಲೇರದ್ದನ್ನು ಖಮ್ರ್ ಎನ್ನಲಾಗದೆಂದು ವಾದಿಸುವ ವಿದ್ವಾಂಸರಿದ್ದಾರೆ, ಮೂಲವೇ ಬಿಯರ್ ಆದ್ದರಿಂದ ಬೇಡವೆನ್ನುವವರೂ ಇದ್ದಾರೆ. ನನಗೆ ನೆನಪಾಗುವುದು ಅಬ್ದುಲ್ ಕೈಸ್ ಗೋತ್ರದ ನಿಯೋಗ. ಸೋರೆಯ ಬುರುಡೆ, ಹಸಿರು ಮಡಕೆ ಮುಂತಾದ ನಾಲ್ಕು ಬಗೆಯ ಪಾತ್ರೆಗಳನ್ನೇ ಅವರಿಗೆ ಮೊದಲು ನಿಷೇಧಿಸಲಾಗಿತ್ತು, ಪೇಯ ಅವುಗಳಲ್ಲಿ ಬೇಗ ಹುಳಿಯುತ್ತಿತ್ತು. ಮುಂದೆ ಜನರು ಮದ್ಯವನ್ನು ಬಿಟ್ಟು ಗಟ್ಟಿಯಾದ ಮೇಲೆ ಪಾತ್ರೆಗಳಿಗೆ ಅನುಮತಿ ಸಿಕ್ಕಿತು, ಅಮಲಿನ ಪೇಯಕ್ಕೆ ಸಿಗಲಿಲ್ಲ. ಹೊಸದಾಗಿ ಬಿಟ್ಟವನಿಗೆ ಪಾತ್ರೆಯೂ ಅಪಾಯ. ಹಾಗಾಗಿ ಅವನಿಗೆ, ನೀನು ಆ ಡಬ್ಬಿಯನ್ನು ಹಿಡಿದಾಗ ನಿನ್ನ ಕೈಗೆ ಯಾವುದರ ನೆನಪಾಗುತ್ತದೆ ನೋಡಿಕೋ, ಎಂದು ಬರೆದೆ. ಇನ್ನೊಂದನ್ನೂ ಕೇಳಿದೆ: ಪೆಟ್ಟಿಗೆಯ ಹಣದಲ್ಲಿ ನಿನ್ನ ಪಾಲಿದೆಯೇ? ಮದ್ಯದ ವಿಷಯದಲ್ಲಿ ಕುಡಿಯುವವನನ್ನಷ್ಟೇ ಅಲ್ಲ, ಕೊಳ್ಳುವವನನ್ನೂ ಹೊರುವವನನ್ನೂ ಸೇರಿಸಿ ಹತ್ತು ಮಂದಿಯನ್ನು ಶಪಿಸಿದ ಹದೀಸ್ ಇದೆ.

ಪಾಲಿತ್ತು. ಹೊರುವವನೂ ಅವನೇ ಆಗಿದ್ದ; ಪೆಟ್ಟಿಗೆ ಬರುವ ಹೊತ್ತಿಗೆ ಮನೆಯಲ್ಲಿರುವವನು ಅವನೊಬ್ಬನೇ.

ಅವನ ಅಮ್ಮಿ ಮೊನ್ನೆ ಮನೆಗೆ ಬಂದಿದ್ದರು. "ಹಜರತ್, ಮಗ ಫೋನಿನಲ್ಲಿ ಬಡವಾಗಿ ಕಾಣುತ್ತಾನೆ, ಅಲ್ಲಿ ಬಹಳ ಚಳಿಯಂತೆ ಹೌದೇ?" ಎಂದು ಕೇಳಿದರು. ಚಳಿ ಇದೆ, ಆದರೆ ಹುಡುಗ ಚೆನ್ನಾಗಿದ್ದಾನೆ ಎಂದೆ. ಬೇರೇನೂ ಹೇಳಲಿಲ್ಲ. ತೌಬಾ ಮಾಡುತ್ತಿರುವವನ ಗುಟ್ಟನ್ನು ಹೇಳಿ ತಾಯಿಯ ನಿದ್ರೆ ಕೆಡಿಸುವ ಅಧಿಕಾರ ನನಗಿಲ್ಲ.

ಆ ರಾತ್ರಿ ಅವನ ಉತ್ತರ ಬಂತು. ಚಂದಾದ ಪಾಲು ನಿಲ್ಲಿಸಿದ್ದಾನೆ. ಶುಕ್ರವಾರ ರಾತ್ರಿ ಅಡುಗೆ ತನ್ನದೆಂದು ಗೆಳೆಯರಿಗೆ ಹೇಳಿ, ನಮ್ಮ ಕಡೆಯ ಕೋಳಿ ಸಾರು ಮಾಡಿ ಬಡಿಸಿದನಂತೆ, ಖಾರಕ್ಕೆ ಮೂವರೂ ಕಣ್ಣೀರು ಸುರಿಸುತ್ತ ಉಂಡರಂತೆ. ಈ ತಿಂಗಳ ಪೆಟ್ಟಿಗೆ ಬಂದಾಗ ಬಾಗಿಲ ಗಂಟೆ ಮೂರು ಬಾರಿ ಬಾರಿಸಿತು, ಅವನು ಕುಳಿತಲ್ಲಿಂದ ಏಳಲಿಲ್ಲ. ತಂದವನು ಚೀಟಿ ಅಂಟಿಸಿ ಹೋದ. ಸಂಜೆ ಗೆಳೆಯನೊಬ್ಬ ಹೋಗಿ ತಂದುಕೊಂಡ. 0.0 ಡಬ್ಬಿಗಳು ಎರಡು ಇನ್ನೂ ಫ್ರಿಜ್ಜಿನಲ್ಲೇ ಇವೆಯಂತೆ.