ಔಷಧದಾನ, ಶಾಸ್ತ್ರದಾನ ಮತ್ತು ಗಡಿಯೂರಿನ ರೋಗಿ

ರಾಜ್ಯದ ಬಹುಸಂಖ್ಯಾತರು ಆಡದ ಭಾಷೆಯನ್ನು ಮನೆಮಾತಾಗಿ ಉಳ್ಳ ಸಮುದಾಯದ ಆರೋಗ್ಯವನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡಲು ಸಾರ್ವಜನಿಕ ಹಣವನ್ನು ವೆಚ್ಚ ಮಾಡಬೇಕೇ ಎಂಬುದು ಮೇಲುನೋಟಕ್ಕೆ ಆಡಳಿತದ ಪ್ರಶ್ನೆಯಂತೆ ತೋರಿದರೂ ಅದರ ಬೇರು ಧರ್ಮವಿಚಾರದಲ್ಲಿದೆ. ಏಕೆಂದರೆ ಪರರ ನೋವನ್ನು ಅರಿಯುವುದು ಅರಿಯುವವರ ಔದಾರ್ಯವೋ ಅಥವಾ ಅವರು ತೀರಿಸಬೇಕಾದ ಋಣವೋ ಎಂಬುದು ಇತ್ಯರ್ಥವಾಗದೆ ಹಣದ ಮಾತಿಗೆ ಉತ್ತರ ದೊರೆಯುವುದಿಲ್ಲ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಈ ಪ್ರಶ್ನೆ ದಿನನಿತ್ಯದ್ದು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರೂಪುಗೊಂಡಾಗ ಎಳೆದ ಗೆರೆಯಿಂದಾಗಿ ನಿಪ್ಪಾಣಿಯ ಮರಾಠಿ ಭಾಷಿಕರು ಈ ಕಡೆಯ ಅಲ್ಪಸಂಖ್ಯಾತರಾದರು. ಅಥಣಿ ತಾಲೂಕಿನ ಅನಂತಪುರದ ಆಚೆಗಿರುವ, ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡಿಗರು ಆ ಕಡೆಯ ಅಲ್ಪಸಂಖ್ಯಾತರಾದರು.

ದೇಹಕ್ಕೆ ಭಾಷೆಯಿಲ್ಲ, ಕ್ಷಯವೂ ರಕ್ತದೊತ್ತಡವೂ ಮನೆಮಾತನ್ನು ಕೇಳಿ ಬರುವುದಿಲ್ಲ, ಆದ್ದರಿಂದ ಭಾಷೆಯ ಆಧಾರದ ಮೇಲೆ ರೋಗವನ್ನು ಅಧ್ಯಯನ ಮಾಡುವುದು ವ್ಯರ್ಥ ಎಂಬ ಆಕ್ಷೇಪವಿದೆ. ಆಕ್ಷೇಪದ ಮೊದಲರ್ಧ ಸತ್ಯವೇ. ಆದರೆ ರೋಗವು ದೇಹದಲ್ಲಿದ್ದರೂ ಅದರ ಅರಿವು ವೈದ್ಯರಿಗೆ ತಲುಪುವುದು ಬಹುಮಟ್ಟಿಗೆ ಮಾತಿನ ಮೂಲಕ. ನೋವು ಎಲ್ಲಿ, ಎಂದಿನಿಂದ, ಏನು ಮಾಡಿದಾಗ ಹೆಚ್ಚುತ್ತದೆ ಎಂಬುದನ್ನು ರೋಗಿ ಹೇಳಬೇಕು. ಚಿಕಿತ್ಸೆಯ ಅಪಾಯಗಳನ್ನು ತಿಳಿದು ಒಪ್ಪಿಗೆ ಕೊಡಬೇಕು. ಗುಳಿಗೆಯ ಕ್ರಮವನ್ನು ನೆನಪಿಡಬೇಕು. ಭಾರತೀಯ ತರ್ಕಶಾಸ್ತ್ರ ಪ್ರತ್ಯಕ್ಷ ಮತ್ತು ಅನುಮಾನಗಳ ಜೊತೆಗೆ ಶಬ್ದವನ್ನೂ, ಅಂದರೆ ಬಲ್ಲವರ ಮಾತನ್ನೂ, ಪ್ರಮಾಣವೆಂದು, ಅಂದರೆ ಅರಿವಿನ ಸಾಧನವೆಂದು, ಎಣಿಸುತ್ತದೆ. ತನ್ನ ನೋವಿನ ವಿಷಯದಲ್ಲಿ ರೋಗಿಗಿಂತ ಬಲ್ಲವರು ಇನ್ನಾರೂ ಇಲ್ಲವಾದ್ದರಿಂದ, ಆ ಮಾತನ್ನು ಕೇಳಲು ಬಾರದ ವ್ಯವಸ್ಥೆ ಒಂದು ಪ್ರಮಾಣವನ್ನೇ ಕಳೆದುಕೊಂಡಂತಾಗುತ್ತದೆ.

ನಿಪ್ಪಾಣಿಯ ತಂಬಾಕು ಉದ್ಯಮವನ್ನು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಹಸಿ ತಂಬಾಕಿನ ಎಲೆಯಲ್ಲಿರುವ ನಿಕೋಟಿನ್ ಚರ್ಮದ ಮೂಲಕ ದೇಹವನ್ನು ಸೇರಿ ತಲೆಸುತ್ತು, ವಾಕರಿಕೆ, ನಿಶ್ಶಕ್ತಿ ಉಂಟುಮಾಡುತ್ತದೆ. ಒಣಗಿದ ತಂಬಾಕನ್ನು ಪುಡಿಮಾಡಿ ಸೋಸುವ ಕಡೆಗಳಲ್ಲಿ ದೂಳು ಉಸಿರಿಗೆ ಸೇರುತ್ತದೆ. ಈ ದುಡಿಮೆಯಲ್ಲಿ ತೊಡಗಿದವರಲ್ಲಿ ಬಹಳ ಮಂದಿ ಹೆಂಗಸರು, ಅವರಲ್ಲಿ ಅನೇಕರ ಮನೆಮಾತು ಮರಾಠಿ. ತಲೆಸುತ್ತನ್ನು ಉಪವಾಸಕ್ಕೋ ರಕ್ತಹೀನತೆಗೋ ಕಟ್ಟಿಬಿಡುವುದು ಸುಲಭ. ಕೆಲಸದ ಹೊತ್ತಿಗೂ ತಲೆಸುತ್ತಿಗೂ ಇರುವ ಸಂಬಂಧ ಹೊರಬರಬೇಕಾದರೆ ದುಡಿಯುವವರ ಮಾತಿನಲ್ಲಿಯೇ ತಾಳ್ಮೆಯಿಂದ ಕೇಳುವವರು ಬೇಕು, ಹಾಗೆ ಕೇಳಲು ಹಣವೂ ಬೇಕು.

ಇನ್ನು ದಾಖಲೆಯ ಮಾತು. ಕಾಗವಾಡಕ್ಕೆ ಬೆಳಗಾವಿಗಿಂತ ಸಾಂಗಲಿ ಜಿಲ್ಲೆಯ ಮಿರಜ ಬಹಳ ಹತ್ತಿರ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಆಸ್ಪತ್ರೆ ತೆರೆದಂದಿನಿಂದ ಮಿರಜ ವೈದ್ಯಕೀಯಕ್ಕೆ ಹೆಸರಾದ ಊರು, ಅಥಣಿ ಮತ್ತು ರಾಯಬಾಗದ ಕಡೆಯ ಕನ್ನಡಿಗರೂ ಅಲ್ಲಿಗೆ ಹೋಗುತ್ತಾರೆ. ಆಸ್ಪತ್ರೆಯ ಲೆಕ್ಕ ಆಸ್ಪತ್ರೆಯಿರುವ ಜಿಲ್ಲೆಗೆ ಸೇರುವುದರಿಂದ ಅವರ ಕಾಯಿಲೆ ಬೆಳಗಾವಿಯ ಅಂಕಿಗಳಿಗೆ ಬರುವುದಿಲ್ಲ, ಸಾಂಗಲಿಯ ಅಂಕಿಗಳಲ್ಲಿ ಅವರ ಊರು ಕಾಣುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಉತ್ತರ ಕೊಡುವವರ ಮಾತೃಭಾಷೆಯನ್ನು ಕೇಳಿ ಬರೆದುಕೊಳ್ಳುತ್ತದೆ. ಆದರೆ ಪ್ರಕಟವಾಗುವ ಕೋಷ್ಟಕಗಳು ಜನರನ್ನು ಜಾತಿ, ಧರ್ಮ, ಶಿಕ್ಷಣ, ಸಂಪತ್ತುಗಳಿಂದ ವಿಂಗಡಿಸುತ್ತವೆಯೇ ಹೊರತು ಭಾಷೆಯಿಂದಲ್ಲ. ಕೇಳಿಯೂ ಎಣಿಸದಿರುವುದು ಸಣ್ಣ ಲೋಪವಲ್ಲ.

ಈ ತಾಲೂಕುಗಳ ಧರ್ಮಪರಂಪರೆಯಲ್ಲಿಯೇ ಪ್ರಶ್ನೆಗೆ ಬೆಳಕು ಸಿಗುತ್ತದೆ. ಇಲ್ಲಿ ನೆಲೆನಿಂತ ಜೈನ ಧರ್ಮ ಗೃಹಸ್ಥರಿಗೆ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ವಿಧಿಸುತ್ತದೆ. ಔಷಧದಾನ ರೋಗಿಗೆ ಉಪಶಮನ ನೀಡುವುದು, ಶಾಸ್ತ್ರದಾನ ಜ್ಞಾನವನ್ನು ಹಂಚುವುದು. ಆರೋಗ್ಯ ಸಂಶೋಧನೆಯಲ್ಲಿ ಈ ಎರಡೂ ಒಂದೇ ಕೆಲಸದಲ್ಲಿ ಕೂಡುತ್ತವೆ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಜೈನಾಚಾರ್ಯ ಪೂಜ್ಯಪಾದರ ಸಂಸ್ಕೃತ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದು ಮಾಡಿದ್ದು ಇದನ್ನೇ: ಪಂಡಿತರ ಭಾಷೆಯಲ್ಲಿದ್ದ ಔಷಧಜ್ಞಾನವನ್ನು ಜನರ ಭಾಷೆಗೆ ಇಳಿಸಿದ್ದು.

ಆದರೂ ದಾನವೆಂದಾಗ ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ ಎಂಬ ಭಾವ ಉಳಿಯುತ್ತದೆ. ಶರಣರ ದಾಸೋಹದ ಕಲ್ಪನೆ ಅದನ್ನು ಮೀರುತ್ತದೆ. ಕಾಯಕದಿಂದ ಬಂದುದು ಸಮುದಾಯಕ್ಕೆ ಸಲ್ಲಬೇಕಾದದ್ದೇ ಆಗಿರುವುದರಿಂದ ಕೊಡುವವರಿಗೆ ಹೆಮ್ಮೆಯೂ ಪಡೆಯುವವರಿಗೆ ಹಂಗೂ ಇರಕೂಡದು. ಮಹಾರಾಷ್ಟ್ರ ಸರ್ಕಾರ 2023ರಲ್ಲಿ ಕರ್ನಾಟಕದ 865 ಗಡಿ ಊರುಗಳಿಗೆ ತನ್ನ ಆರೋಗ್ಯ ವಿಮೆಯನ್ನು ವಿಸ್ತರಿಸಲು 54 ಕೋಟಿ ರೂಪಾಯಿ ಮಂಜೂರು ಮಾಡಿದಾಗ ಎದ್ದ ವಿವಾದ ಈ ಅಳತೆಗೋಲಿನಿಂದಲೇ ಅರ್ಥವಾಗುತ್ತದೆ. ರೋಗಿಗೆ ಚಿಕಿತ್ಸೆ ಸಿಗುವುದು ಒಳ್ಳೆಯದೇ. ಆದರೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ, ಎರಡೂ ರಾಜ್ಯಗಳ ನಡುವಿನ ಗಡಿವ್ಯಾಜ್ಯದ ನೆರಳಿನಲ್ಲಿ ಬರುವ ಹಣ, ನೀನು ಯಾರವನು ಎಂಬ ಪ್ರಶ್ನೆಯನ್ನು ಜೊತೆಗೆ ತರುತ್ತದೆ. ಸಂಶೋಧನೆಗೂ ಇದೇ ಅಪಾಯವಿದೆ, ಏಕೆಂದರೆ ಭಾಷಾವಾರು ಆರೋಗ್ಯದ ಅಂಕಿಗಳು ನಾಳೆ ವ್ಯಾಜ್ಯದ ಸಾಕ್ಷ್ಯವಾಗಬಹುದು. ಎಣಿಸದೆ ಬಿಡುವುದು ಇದಕ್ಕೆ ಪರಿಹಾರವಲ್ಲ. ತನ್ನ ನೆಲದ ಮರಾಠಿ ಭಾಷಿಕರ ಆರೋಗ್ಯವನ್ನು ಕರ್ನಾಟಕವೂ ಜತ್ತದ ಕನ್ನಡಿಗರ ಆರೋಗ್ಯವನ್ನು ಮಹಾರಾಷ್ಟ್ರವೂ ತಮ್ಮ ತೆರಿಗೆದಾರರಿಗೆ ಸಲ್ಲಬೇಕಾದ ಬಾಕಿಯೆಂದು ತಾವಾಗಿ ಅಧ್ಯಯನ ಮಾಡಿದರೆ ಆ ಅಂಕಿಗಳು ವ್ಯಾಜ್ಯಕ್ಕೆ ಒದಗುವ ಸಂದರ್ಭವೇ ಕಡಿಮೆಯಾಗುತ್ತದೆ.

ಇಂಥ ಎರಡು ಬದಿಯ ಅಲ್ಪಸಂಖ್ಯಾತರು ಕೆನಡಾದಲ್ಲಿಯೂ ಇದ್ದಾರೆ: ಕ್ವಿಬೆಕ್ ಪ್ರಾಂತದೊಳಗೆ ಇಂಗ್ಲಿಷ್ ಭಾಷಿಕರು, ಅದರ ಹೊರಗೆ ಫ್ರೆಂಚ್ ಭಾಷಿಕರು. ಅಲ್ಲಿನ ಒಕ್ಕೂಟ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಈ ಎರಡೂ ಸಮುದಾಯಗಳ ಅಧ್ಯಯನಕ್ಕೆಂದೇ ಹಣ ನೀಡಿದೆ. ತಮ್ಮ ಭಾಷೆಯ ಆರೈಕೆ ಔದಾರ್ಯವಲ್ಲ, ಸಲ್ಲಬೇಕಾದ ಬಾಕಿ ಎಂದು ಅಲ್ಲಿನ ಜನರೂ ಕಂಡರು: 1997ರಲ್ಲಿ ಒಂಟಾರಿಯೊದ ಫ್ರೆಂಚ್ ಭಾಷೆಯ ಮಾಂಟ್ಫೋರ್ಟ್ ಆಸ್ಪತ್ರೆಯನ್ನು ಮುಚ್ಚುವ ಪ್ರಸ್ತಾಪ ಬಂದಾಗ ಜನ ನ್ಯಾಯಾಲಯಕ್ಕೆ ಹೋಗಿ 2001ರಲ್ಲಿ ಅದನ್ನು ಉಳಿಸಿಕೊಂಡರು.

ಬೆಳಗಾವಿಯ ಹಳ್ಳಿಗಳು ಸಂಶೋಧನೆಗೆ ಹೊಸವೇನೂ ಅಲ್ಲ. 2002ರಿಂದ 2005ರವರೆಗೆ ಈ ಜಿಲ್ಲೆಯ ಗ್ರಾಮೀಣ ಭಾಗದಲ್ಲಿ 1620 ಮಹಿಳೆಯರ ಮೇಲೆ ನಡೆದ ಪ್ರಯೋಗವು ಮಿಸೊಪ್ರೊಸ್ಟಾಲ್ ಗುಳಿಗೆ ಹೆರಿಗೆಯ ನಂತರದ ರಕ್ತಸ್ರಾವವನ್ನು ಶೇ. 12ರಿಂದ ಶೇ. 6.4ಕ್ಕೆ ಇಳಿಸುತ್ತದೆಂದು ತೋರಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಬಳಕೆಗಾಗಿ ಅದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇಲ್ಲಿನ ತಾಯಂದಿರು ಜಗತ್ತಿಗೆ ಕೊಟ್ಟ ಶಾಸ್ತ್ರದಾನವಿದು. ಅಧ್ಯಯನಕ್ಕೆ ಒಳಗಾಗುವವರಿಗೆ ತಿಳಿಯುವ ಭಾಷೆಯಲ್ಲಿಯೇ ಒಪ್ಪಿಗೆ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಹೇಳುತ್ತದೆ. ಅದೇ ನ್ಯಾಯದಿಂದ ಫಲಿತಾಂಶವೂ ಆ ಭಾಷೆಯಲ್ಲಿ ಅವರ ಊರಿಗೆ ಮರಳಬೇಕು. ಆ ಮಂಡಳಿಯ ಒಂದು ಸಂಸ್ಥೆ ಬೆಳಗಾವಿಯಲ್ಲಿಯೇ ಇದೆ, ವೈದ್ಯಕೀಯ ಕಾಲೇಜುಗಳೂ ಇವೆ, ಎರಡೂ ಭಾಷೆ ಬಲ್ಲ ಆಶಾ ಕಾರ್ಯಕರ್ತೆಯರು ಗಡಿಯ ಹಳ್ಳಿಗಳಲ್ಲಿ ಇದ್ದಾರೆ. ಮಂಡಳಿಯೂ ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳೂ ಈ ಕೆಲಸಕ್ಕೆ ಪ್ರತ್ಯೇಕ ಹಣವನ್ನು ಮುಂದಿನ ಆಯವ್ಯಯದಲ್ಲಿಯೇ ತೆಗೆದಿರಿಸಬೇಕು.